ಮಡಿಲಿನ ಕಥೆಯೇ ವಿಶ್ವಾಸದ ಅಡಿಪಾಯ



ನಿಮ್ಮ ಮಗುವಿಗೆ ದೀಕ್ಷಾಸ್ನಾನ ಕೊಡಿಸಿದ ದಿನವನ್ನು ಒಮ್ಮೆ ನೆನಪಿಸಿಕೊಳ್ಳಿ. ನೀರೆರೆದು, ತೈಲ ಲೇಪಿಸಿ, ಬಿಳಿ ವಸ್ತ್ರ ಹೊದಿಸಿ, ದೀಪ ಹಚ್ಚಿಕೊಟ್ಟ ಮೇಲೆ ಒಂದು ಪುಟ್ಟ ವಿಧಿ ನಡೆಯುವುದುಂಟು. ಗುರುಗಳು ತಮ್ಮ ಹೆಬ್ಬೆರಳಿನಿಂದ ಮಗುವಿನ ಕಿವಿಗಳನ್ನು ಮುಟ್ಟುತ್ತಾರೆ. ಆಮೇಲೆ ಬಾಯಿಯನ್ನು ಮುಟ್ಟಿ ಪ್ರಾರ್ಥಿಸುತ್ತಾರೆ. ಇದಕ್ಕೆ ‘ಎಫ್ಫಥಾ’ ವಿಧಿ ಎಂದು ಹೆಸರು. ಕಿವುಡನೂ ತೊದಲನೂ ಆಗಿದ್ದ ಒಬ್ಬನನ್ನು ಪ್ರಭು ಯೇಸು ಸ್ವಸ್ಥಪಡಿಸುವಾಗ ಆಡಿದ ಮಾತು ಅದು. ‘ತೆರೆದುಕೋ’ ಎಂದು ಅದರ ಅರ್ಥ (ಮಾರ್ಕ 7:31-37).

ಕಿವಿ ಮೊದಲು, ಬಾಯಿ ಆಮೇಲೆ. ಈ ಕ್ರಮವನ್ನು ಗಮನಿಸಿದ್ದೀರಾ? ಮಗು ಮಾತಾಡುವುದಕ್ಕೆ ಮುಂಚೆ ಕೇಳಬೇಕು. ಪ್ರಾರ್ಥಿಸುವುದಕ್ಕೆ ಮುಂಚೆ ದೇವರ ಕಥೆಯನ್ನು ಕೇಳಿರಬೇಕು. ವಿಶ್ವಾಸವು ಕೇಳುವಿಕೆಯಿಂದ ಹುಟ್ಟುತ್ತದೆ ಎಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ತಿಳಿಸುತ್ತಾರೆ (10:17). ಧರ್ಮಸಭೆ ಸಂಸ್ಕಾರದಲ್ಲಿ ಪಾಲಿಸುವ ಈ ಕ್ರಮವನ್ನೇ ಇಂದು ಮಿದುಳಿನ ಶಾಸ್ತ್ರವೂ ಬೇರೊಂದು ದಾರಿಯಿಂದ ತೋರಿಸಿಕೊಡುತ್ತಿದೆ. ಒಂದು ಕಥೆಯನ್ನು ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ ಮಗುವಿನಲ್ಲಿ ಹೇಗೆ ಬೆಳೆಯುತ್ತದೆ? ಆ ಬೆಳವಣಿಗೆಯಲ್ಲಿ ನಮ್ಮ ಪಾಲೇನು? ಈ ವಾರ ಅದನ್ನು ಚಿಂತಿಸೋಣ.

ಗರ್ಭದಲ್ಲೇ ತೆರೆಯುವ ಕಿವಿ

ಮಾತೆ ಮರಿಯಮ್ಮನವರು ಬೆಟ್ಟಗುಡ್ಡಗಳ ಸೀಮೆಗೆ ಹೋಗಿ ಎಲಿಜಬೇತಮ್ಮನವರನ್ನು ವಂದಿಸಿದಾಗ, ಆ ದನಿ ಕಿವಿಗೆ ಬಿದ್ದೊಡನೆ ಗರ್ಭದಲ್ಲಿದ್ದ ಶಿಶು ನಲಿದಾಡಿತು ಎಂದು ಸಂತ ಲೂಕರು ಬರೆಯುತ್ತಾರೆ (1:39-45). ಅದು ಪವಿತ್ರಾತ್ಮರ ವರ. ಆದರೆ ದೇವರ ವರ ಪ್ರಕೃತಿಯನ್ನು ತಳ್ಳಿಹಾಕುವುದಿಲ್ಲ. ಅದರ ಮೇಲೆಯೇ ನಿಲ್ಲುತ್ತದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಶಿಶುವಿಗೆ ಹೊರಗಿನ ದನಿ ಕೇಳಿಸುತ್ತದೆ. ಪದಗಳು ಸ್ಪಷ್ಟವಾಗಿ ಕೇಳದಿದ್ದರೂ ಮಾತಿನ ಏರಿಳಿತ, ಲಯ, ತಾಯಿಯ ದನಿಯ ಗುರುತು ಮನಸ್ಸಿಗೆ ಇಳಿಯುತ್ತದೆ.

1986ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಗರ್ಭಿಣಿಯರು ಹೆರಿಗೆಗೆ ಮುಂಚಿನ ಆರು ವಾರ ಒಂದೇ ಕಥೆಯನ್ನು ದಿನದಿನವೂ ಗಟ್ಟಿಯಾಗಿ ಓದಿದರು. ಹುಟ್ಟಿದ ಕೂಸುಗಳಿಗೆ ಆ ಕಥೆಯನ್ನೂ ಎಂದೂ ಕೇಳದ ಇನ್ನೊಂದು ಕಥೆಯನ್ನೂ ಕೇಳಿಸಿದಾಗ, ಅವು ಹಳೆಯ ಕಥೆಯನ್ನೇ ಬಯಸಿದವು. ಅರ್ಥ ತಿಳಿದು ಅಲ್ಲ, ಲಯದ ಪರಿಚಯದಿಂದ. ಹಾಗಾದರೆ ಬಸುರಿ ಹೆಣ್ಣುಮಗಳು ಸಂಜೆ ಹೇಳುವ ಜಪಸರ ಅವಳೊಬ್ಬಳದೇ ಪ್ರಾರ್ಥನೆ ಎನ್ನಲಾದೀತೇ? ಅದನ್ನು ಕೇಳುವ ಇನ್ನೊಂದು ಜೀವವೂ ಅಲ್ಲಿದೆ.

ಕಾಗಕ್ಕ-ಗುಬ್ಬಕ್ಕನ ಪಾಠಶಾಲೆ

ಹುಟ್ಟಿದಾಗ ಮಗುವಿನ ಮಿದುಳು ಸುಮಾರು 350ರಿಂದ 400 ಗ್ರಾಂ ತೂಗುತ್ತದೆ. ಬೆಳೆದವರ ಮಿದುಳು ಸುಮಾರು 1300ರಿಂದ 1400 ಗ್ರಾಂ. ಈ ಬೆಳವಣಿಗೆಯ ಬಹುಭಾಗ ಮೊದಲ ಎರಡು-ಮೂರು ವರ್ಷಗಳಲ್ಲೇ ಆಗಿಬಿಡುತ್ತದೆ. ಅಂದರೆ ಶಾಲೆಗೆ ಸೇರಿಸುವ ಹೊತ್ತಿಗೆ ಅಡಿಪಾಯ ಬಿದ್ದಾಗಿರುತ್ತದೆ.

ನಮ್ಮ ಕನ್ನಡ ನಾಡಿನಲ್ಲಿ ಮಕ್ಕಳಿಗೆ ಊರಿಗೊಂದು ಬಗೆಯಲ್ಲಿ ಹೇಳುವ ಕಾಗಕ್ಕ-ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳಿ. ಕಾಗಕ್ಕನ ಮಣ್ಣಿನ ಮನೆ ಮಳೆಗೆ ಕೊಚ್ಚಿಹೋಗುತ್ತದೆ. ಅವಳು ನೆನೆಯುತ್ತಾ ಬಂದು ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ಒಂದೊಂದೇ ನೆಪ ಹೇಳುತ್ತಾ ಕಾಯಿಸುತ್ತಾಳೆ. ದೊಡ್ಡವರಿಗೆ ಇದು ಸುಲಭದ ಕಥೆ. ಆದರೆ ಇಷ್ಟನ್ನು ಅರ್ಥಮಾಡಿಕೊಳ್ಳಲು ಮಗುವಿನ ಮಿದುಳು ಎಷ್ಟೊಂದು ಮೆಟ್ಟಿಲು ಹತ್ತಬೇಕು!

ಮೊದಲ ಮೆಟ್ಟಿಲು ದನಿ. ತ ಮತ್ತು ಟ, ಈ ಎರಡರ ವ್ಯತ್ಯಾಸ ಇಂಗ್ಲಿಷ್ ಭಾಷೆಯಲ್ಲಿಲ್ಲ. 1984ರಲ್ಲಿ ಕೆನಡಾದಲ್ಲಿ ನಡೆದ ಪ್ರಯೋಗವೊಂದರಲ್ಲಿ ಇಂಗ್ಲಿಷ್ ಮಾತಾಡುವ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ಈ ದನಿಭೇದವನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಕುಗ್ಗಿತ್ತು. ಸುತ್ತಲಿನವರು ಆಡದ ದನಿಯನ್ನು ಮಿದುಳು ಬಿಟ್ಟುಕೊಡುತ್ತದೆ. ಆಡುವ ದನಿಯನ್ನು ಹಿಡಿದು ಗಟ್ಟಿ ಮಾಡಿಕೊಳ್ಳುತ್ತದೆ.

ಎರಡನೆಯದು ಪದ. ಹರಿಯುವ ಮಾತಿನಲ್ಲಿ ‘ಮಳೆ’ ಎಲ್ಲಿ ಮುಗಿಯಿತು, ‘ಬಂತು’ ಎಲ್ಲಿ ಶುರುವಾಯಿತು ಎಂದು ಬಿಡಿಸಿಕೊಳ್ಳಬೇಕು. ಮೂರು ತಿಂಗಳ ಕೂಸು ಮಾತು ಕೇಳುವಾಗಲೇ ಮಿದುಳಿನ ಎಡಭಾಗದ ಭಾಷಾ ಕೇಂದ್ರಗಳು ಚುರುಕಾಗುವುದನ್ನು ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಆದರೆ ಕಿವಿಯ ಬಳಿಯ ಕೇಂದ್ರದಿಂದ ಎಡ ಹಣೆಯ ಹಿಂದಿನ ಕೇಂದ್ರಕ್ಕೆ ಹೋಗುವ ಒಂದು ಮುಖ್ಯ ನರಮಾರ್ಗ ಪಕ್ವವಾಗಲು ಬಹಳ ವರ್ಷ ಬೇಕು. ವಿದ್ಯುತ್ ತಂತಿಗೆ ರಬ್ಬರು ಹೊದಿಸುವಂತೆ ಆ ನರಗಳಿಗೆ ಕೊಬ್ಬಿನ ಹೊದಿಕೆ ನಿಧಾನವಾಗಿ ಬೆಳೆಯುತ್ತದೆ. ಏಳು ವರ್ಷವಾದರೂ ಅದು ಪೂರ್ತಿಯಾಗಿರುವುದಿಲ್ಲ. ಉದ್ದನೆಯ, ಸುತ್ತುಬಳಸಿನ ವಾಕ್ಯ ಚಿಕ್ಕ ಮಕ್ಕಳಿಗೆ ಹಿಡಿಯದಿರಲು ಇದೂ ಒಂದು ಕಾರಣ. ಅದು ಅವರ ಮೊಂಡುತನವಲ್ಲ.

ಮೂರನೆಯದು ‘ಆಮೇಲೆ ಏನಾಯಿತು?’ ಎಂಬ ಸರಣಿ. ಮಳೆ ಬಂದದ್ದರಿಂದ ಮನೆ ಹೋಯಿತು, ಮನೆ ಹೋದದ್ದರಿಂದ ಬಾಗಿಲು ಬಡಿದಳು ಎಂಬ ಕಾರಣ-ಪರಿಣಾಮದ ಎಳೆಯನ್ನು ಮೂರು ವರ್ಷದಿಂದ ಆರು ವರ್ಷದವರೆಗೆ ಮಗು ಮೆಲ್ಲಮೆಲ್ಲನೆ ಹಿಡಿಯುತ್ತದೆ.

ನಾಲ್ಕನೆಯದು ಇನ್ನೊಬ್ಬರ ಮನಸ್ಸು. ಗುಬ್ಬಕ್ಕ ಹೇಳುವುದು ನೆಪವೆಂದು ತಿಳಿಯಬೇಕಾದರೆ, ಅವಳ ಮನಸ್ಸಿನಲ್ಲಿ ಒಂದು, ಬಾಯಲ್ಲಿ ಇನ್ನೊಂದು ಇರಬಹುದೆಂದು ಮಗುವಿಗೆ ಹೊಳೆಯಬೇಕು. ಇದು ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸಿನಲ್ಲಿ ಮೂಡುತ್ತದೆ. ಆದಿಕಾಂಡದ ಜೋಸೆಫನ ಕಥೆಯನ್ನು ನೆನೆಯಿರಿ. ಧಾನ್ಯ ಕೊಳ್ಳಲು ಈಜಿಪ್ಟಿಗೆ ಬಂದ ಅಣ್ಣಂದಿರನ್ನು ಜೋಸೆಫನು ಗುರುತಿಸುತ್ತಾನೆ; ಅವರಿಗೆ ಮಾತ್ರ ತಮ್ಮನ ಗುರುತು ಹತ್ತುವುದಿಲ್ಲ (ಅಧ್ಯಾಯ 42). ಮೂರು ವರ್ಷದ ಮಗುವಿಗೆ ಇದು ಗೊಂದಲ. ‘ಅವನು ಅಲ್ಲೇ ಇದ್ದಾನಲ್ಲ, ಅವರಿಗೆ ಯಾಕೆ ಗೊತ್ತಾಗಲಿಲ್ಲ?’ ಎಂದು ಕೇಳಬಹುದು. ಐದು ವರ್ಷದ ಮಗು ಅದೇ ಕಥೆಗೆ ಉಸಿರು ಬಿಗಿಹಿಡಿದು ಕೂರುತ್ತದೆ. ಇನ್ನೊಬ್ಬರ ಮನಸ್ಸನ್ನು ಊಹಿಸುವ ಈ ಶಕ್ತಿಯೇ ಮುಂದೆ ಕರುಣೆಯ, ಕ್ಷಮೆಯ ಬೇರಾಗುವುದು.

ಕೊನೆಯದು ಒಳ ಅರ್ಥ. ಬಿತ್ತನೆಗಾರನ ಸಾಮತಿಯಲ್ಲಿ ಬೀಜವೆಂದರೆ ದೇವರ ವಾಕ್ಯ ಎಂಬುದು ಮಗುವಿಗೆ ತಡವಾಗಿ, ಎಂಟು-ಹತ್ತು ವರ್ಷದ ಸುಮಾರಿಗೆ ನಿಧಾನವಾಗಿ ತಿಳಿಯುತ್ತದೆ. ಆದುದರಿಂದ ನಾಲ್ಕು ವರ್ಷದ ಮಗುವಿಗೆ ಕಥೆ ಮುಗಿದೊಡನೆ ನೀತಿ ಹೇರಬೇಡಿ. ಬೀಜ ಬಿತ್ತಿದವನು ಮಲಗಿ ಏಳುತ್ತಿರುವಾಗಲೇ, ಹೇಗೆಂದು ಅವನಿಗೇ ತಿಳಿಯದಂತೆ ಪೈರು ಬೆಳೆಯುತ್ತದೆ ಎಂದು ಪ್ರಭುವೇ ಹೇಳಿದ್ದಾರಲ್ಲವೇ (ಮಾರ್ಕ 4:26-29)? ಕಥೆಯನ್ನು ಬಿತ್ತುವುದು ನಮ್ಮ ಕೆಲಸ. ಅರ್ಥವನ್ನು ಬೆಳೆಸುವವರು ದೇವರು.

ಒಂದು ಮಾತು ಗಮನಿಸಿ. ಮಳೆಗೆ ಕೊಚ್ಚಿಹೋದ ಕಾಗಕ್ಕನ ಮನೆ ಮನಸ್ಸಿನಲ್ಲಿ ನಿಂತ ಮಗುವಿಗೆ ಮುಂದೊಂದು ದಿನ ಮರಳಿನ ಮೇಲೆ ಕಟ್ಟಿದ ಮನೆ, ಬಂಡೆಯ ಮೇಲೆ ಕಟ್ಟಿದ ಮನೆ ಪರಕೀಯವೆನಿಸುವುದಿಲ್ಲ (ಮತ್ತಾಯ 7:24-27). ಅಜ್ಜಿಯ ಕಥೆ ಶುಭಸಂದೇಶಕ್ಕೆ ನೆಲವನ್ನು ಹದಮಾಡುತ್ತದೆ.

ವಾಕ್ಯವು ಮನುಷ್ಯರಾದರು

‘ಕಥೆಯೇ ಬೇಕಾದರೆ ಮೊಬೈಲ್‌ನಲ್ಲಿ ಬೇಕಾದಷ್ಟಿದೆಯಲ್ಲ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವೂ ಪ್ರಯೋಗದಿಂದಲೇ ಬಂದಿದೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಒಂಬತ್ತು ತಿಂಗಳ ಕೂಸುಗಳಿಗೆ ಹನ್ನೆರಡು ಸಲ ಚೀನೀ ಭಾಷೆಯನ್ನು ಕೇಳಿಸಿದರು. ಕೆಲವರ ಎದುರಿಗೆ ಒಬ್ಬರು ಕೂತು ಆಟವಾಡಿಸುತ್ತಾ ಮಾತಾಡಿದರು. ಉಳಿದವರಿಗೆ ಅದೇ ಮಾತನ್ನು ಟಿ.ವಿ.ಯಲ್ಲಿ ತೋರಿಸಿದರು, ಇಲ್ಲವೇ ದನಿಯನ್ನಷ್ಟೇ ಕೇಳಿಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎದುರಿಗೆ ಮನುಷ್ಯರಿದ್ದ ಕೂಸುಗಳು ಆ ಭಾಷೆಯ ದನಿಗಳನ್ನು ಕಲಿತವು; ಟಿ.ವಿ. ನೋಡಿದವು ಏನನ್ನೂ ಕಲಿಯಲಿಲ್ಲ.

ಯಾಕೆ ಹೀಗೆ? ಮಗು ಬರೀ ದನಿಯನ್ನು ಕೇಳುವುದಿಲ್ಲ. ಹೇಳುವವರ ಕಣ್ಣನ್ನು ನೋಡುತ್ತದೆ. ಅವರು ಯಾವುದರತ್ತ ನೋಡುತ್ತಾರೋ ಅದರತ್ತ ತಿರುಗುತ್ತದೆ. ತಾನು ನಕ್ಕರೆ ಅವರು ನಗುತ್ತಾರೆ. ತನಗೆ ಹೆದರಿಕೆಯಾದರೆ ತಬ್ಬಿಕೊಳ್ಳುತ್ತಾರೆ. ಈ ಕೊಡು-ಕೊಳ್ಳುವಿಕೆಯಲ್ಲಿ ಭಾಷೆ ಬೇರೂರುತ್ತದೆ. ಪರದೆಗೆ ಮಗುವಿನ ಮುಖ ಕಾಣುವುದಿಲ್ಲ.

ಸಿನ್ಸಿನಾಟಿ ನಗರದ ಮಕ್ಕಳ ಆಸ್ಪತ್ರೆಯವರು 2015ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಮೂರರಿಂದ ಐದು ವರ್ಷದ 19 ಮಕ್ಕಳಿಗೆ ಚಿತ್ರವಿಲ್ಲದೆ ಬರೀ ಕಥೆ ಕೇಳಿಸುತ್ತಾ ಮಿದುಳಿನ ಚಟುವಟಿಕೆಯನ್ನು ನೋಡಿದರು. ಮನೆಯಲ್ಲಿ ಹೆಚ್ಚಾಗಿ ಕಥೆ ಓದಿ ಹೇಳಿಸಿಕೊಂಡ ಮಕ್ಕಳಲ್ಲಿ, ಕೇಳಿದ ಮಾತಿಗೆ ಅರ್ಥವನ್ನೂ ಚಿತ್ರವನ್ನೂ ಜೋಡಿಸುವ ಭಾಗ ಹೆಚ್ಚು ಚುರುಕಾಗಿತ್ತು. ಹೊರಗೆ ಚಿತ್ರವಿಲ್ಲದಿದ್ದಾಗ ಮಗು ಒಳಗೇ ಚಿತ್ರ ಬರೆದುಕೊಳ್ಳುತ್ತದೆ! ಎಲ್ಲವನ್ನೂ ಪರದೆಯೇ ಬರೆದುಕೊಟ್ಟರೆ ಆ ಒಳಗಿನ ಕೈಗೆ ಕೆಲಸವೇ ಇರದು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಐದು ವರ್ಷದೊಳಗಿನವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕೂತಿರುವ ಹೊತ್ತಿನಲ್ಲಿ ಹಿರಿಯರು ಕಥೆ ಹೇಳಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿತು.

ಪ್ರಿಯರೇ, ಇದು ನಮ್ಮ ವಿಶ್ವಾಸದ ಕೇಂದ್ರವನ್ನೇ ಮುಟ್ಟುವ ಮಾತು. ದೇವರು ತಮ್ಮ ಸಂದೇಶವನ್ನು ಆಕಾಶದಿಂದ ಕೂಗಿ ಹೇಳಿ ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. ವಾಕ್ಯವೆಂಬುವರು ಮನುಷ್ಯರಾಗಿ ನಮ್ಮ ನಡುವೆ ಬಂದು ನೆಲೆಸಿದರು (ಯೊವಾನ್ನ 1:14). ಕೂಸಾಗಿ ಮಾತೆ ಮರಿಯಮ್ಮನವರ ಮಡಿಲಲ್ಲಿ ಮಲಗಿ, ಅವರ ಬಾಯಿಂದಲೇ ಮಾತು ಕಲಿತರು. ಅಬ್ರಹಾಮನ ಕಥೆಯನ್ನೂ ಕೆಂಪು ಸಮುದ್ರದ ಕಥೆಯನ್ನೂ ಆ ಮನೆಯಲ್ಲೇ ಕೇಳಿರಬೇಕು. ಅವರು ಜ್ಞಾನದಲ್ಲಿ ಬೆಳೆದರು ಎಂದು ಶುಭಸಂದೇಶ ಸ್ಪಷ್ಟವಾಗಿ ಹೇಳುತ್ತದೆ (ಲೂಕ 2:52). ಮುಂದೆ ಜನಸಮೂಹಕ್ಕೆ ಅಷ್ಟೊಂದು ಸಾಮತಿಗಳನ್ನು ಹೇಳಿದ ಆ ಬಾಯಿ ಮೊದಲು ಕಥೆ ಕೇಳಿದ್ದು ನಜರೇತಿನ ಮನೆಯಲ್ಲಿ.

ನಮ್ಮ ಸೀಮೆಯ ಆಸ್ತಿ

ಕಥೆ ಕೇಳುವುದರಲ್ಲಿ ನಮ್ಮ ತುಮಕೂರು ಸೀಮೆ ಬಡವಾಗಿರಲಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನಲ್ಲೆಲ್ಲ ಹೆಸರಾಯಿತು. ಅಕ್ಷರ ಬಾರದ ಸಾವಿರಾರು ಜನ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಆ ನಾಟಕಗಳನ್ನು ನೋಡಿದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಆ ಕಂಪನಿಯ ನಟರು. ಅವರ ಮಗ ಶಾಲೆಯ ಮೆಟ್ಟಿಲು ಹತ್ತಿದ್ದು ಕೆಲವೇ ವರ್ಷ. ತಂದೆಯ ಜೊತೆ ಅದೇ ಕಂಪನಿಯಲ್ಲಿ ಬೆಳೆದ ಆ ಹುಡುಗನೇ ಡಾ. ರಾಜ್‌ಕುಮಾರ್. ಅವರ ಬಾಯಲ್ಲಿ ಬಂದ ಶುದ್ಧ ಕನ್ನಡ ಕಿವಿಯಿಂದ ಕಲಿತ ಕನ್ನಡ. ಕುಣಿಗಲ್ ಕೆರೆಯ ಚೆಲುವನ್ನು ಸಾರುವ ಜನಪದ ಹಾಡು ಕೂಡ ಯಾವ ಪಠ್ಯಪುಸ್ತಕದಿಂದಲೂ ಹುಟ್ಟಿದ್ದಲ್ಲ. ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಹರಿದು ಉಳಿದದ್ದು.

ನಮ್ಮ ಕಥೋಲಿಕ ಜನರಿಗೂ ಇಂಥ ಆಸ್ತಿಯುಂಟು. ಕನಕಪುರ ಸೀಮೆಯ ಹಾರೋಬೆಲೆಯಲ್ಲಿ ಪ್ರಭು ಯೇಸುವಿನ ಯಾತನೆ-ಮರಣಗಳ ‘ಮಹಿಮೆ’ ನಾಟಕವನ್ನು ತಲೆಮಾರುಗಳಿಂದ ಆಡುತ್ತಾ ಬಂದಿದ್ದಾರೆ. ಬೈಬಲ್ಲನ್ನು ಓದಲಾರದ ಎಷ್ಟೋ ಹಿರಿಯರು ಶಿಲುಬೆಯ ಹಾದಿಯ ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳಬಲ್ಲವರಾಗಿದ್ದರು. ಆ ಆಸ್ತಿಯನ್ನು ನಮ್ಮ ಮಕ್ಕಳಿಗೆ ದಾಟಿಸುತ್ತಿದ್ದೇವೆಯೇ? ಜ್ಞಾನೋಪದೇಶದ ಪ್ರಶ್ನೋತ್ತರವನ್ನು ಗಿಣಿಪಾಠದಂತೆ ಒಪ್ಪಿಸುವ ಮಗು, ಮನೆಬಿಟ್ಟು ಹೋದ ಮಗನನ್ನು ಕಂಡ ತಂದೆ ಯಾಕೆ ಓಡಿಬಂದ ಎಂದು ಕೇಳಿದರೆ ಮೌನವಾಗುವುದಾದರೆ, ಆ ಮೌನ ಯಾರಿಗೆ ಸೇರಿದ್ದು?

‘ಹೊತ್ತೆಲ್ಲಿದೆ?’

ನಿಮ್ಮ ಕಷ್ಟ ಸುಳ್ಳಲ್ಲ. ತುಮಕೂರಿನಿಂದಲೂ ಗುಬ್ಬಿಯಿಂದಲೂ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರುಂಟು. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಪಾಳಿಯ ಕೆಲಸ ಮಾಡುವವರುಂಟು. ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ನೋವು. ಅನ್ನ ಉಣ್ಣಿಸುವಾಗ ಮಗುವಿನ ಕೈಗೆ ಮೊಬೈಲ್ ಕೊಡುವ ತಾಯಿಯನ್ನು ಬೈಯುವುದು ಸುಲಭ; ಅವಳ ಬೆನ್ನುನೋವನ್ನು ಅರಿಯುವುದು ಕಷ್ಟ.

ಆದರೂ ಧರ್ಮೋಪದೇಶಕಾಂಡ ನಮಗೆ ಒಂದು ಸುಲಭದ ದಾರಿ ತೋರಿಸುತ್ತದೆ. ದೇವರ ಮಾತನ್ನು ಮಕ್ಕಳಿಗೆ ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಹೇಳಿ ಎಂದು ಅದರ ಅಪ್ಪಣೆ (6:7). ಬೇರೆ ಹೊತ್ತು ಬೇಕಿಲ್ಲ, ಇರುವ ಹೊತ್ತೇ ಸಾಕು. ತಲೆ ಬಾಚುವಾಗ, ಸೊಪ್ಪು ಬಿಡಿಸುವಾಗ, ಭಾನುವಾರ ಪೂಜೆಗೆ ನಡೆದು ಹೋಗುವಾಗ, ದೀಪ ಆರಿಸಿ ಮಲಗಿದಾಗ ಹತ್ತು ನಿಮಿಷ. ಪುಸ್ತಕ ಇಲ್ಲದಿದ್ದರೂ ನಡೆಯುತ್ತದೆ. ನೀವು ಓದಿದವರಾಗಿರಬೇಕೆಂದೂ ಇಲ್ಲ.

ಯಾವ ಭಾಷೆಯಲ್ಲಿ? ನಿಮ್ಮ ಮನಸ್ಸು ಯಾವ ಭಾಷೆಯಲ್ಲಿ ನಗುತ್ತದೋ ಅಳುತ್ತದೋ ಅದರಲ್ಲಿ. ಮನೆಮಾತು ಕನ್ನಡವಿರಲಿ, ತಮಿಳು, ತೆಲುಗು, ಕೊಂಕಣಿ ಇರಲಿ. ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದು ಮನೆಯಲ್ಲೂ ತಡವರಿಸುವ ಇಂಗ್ಲಿಷ್ ಆಡಬೇಕಾಗಿಲ್ಲ. ಎರಡು-ಮೂರು ಭಾಷೆ ಕೇಳಿದರೆ ಮಗುವಿನ ಮಿದುಳು ಕೆಡುವುದಿಲ್ಲ. ಒಂದು ಭಾಷೆಯಲ್ಲಿ ಕಥೆಯ ಎಳೆ ಹಿಡಿಯಲು ಕಲಿತ ಮಗು ಆ ಶಕ್ತಿಯನ್ನು ಇನ್ನೊಂದು ಭಾಷೆಗೂ ಕೊಂಡೊಯ್ಯುತ್ತದೆ.

ಅಜ್ಜ-ಅಜ್ಜಿಯರೇ, ನಿಮಗೊಂದು ಮಾತು. ತಿಮೊಥೇಯನ ವಿಶ್ವಾಸ ಅಜ್ಜಿ ಲೋವಿಯಿಂದ, ತಾಯಿ ಯೂನಿಕೆಯಿಂದ ಬಂದದ್ದೆಂದು ಸಂತ ಪೌಲರು ಹೆಸರು ಹಿಡಿದು ಬರೆದಿದ್ದಾರೆ (2 ತಿಮೊಥೇಯ 1:5). ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2020ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಪೂರ್ತಿಯಾಗಿ ಕಥೆ ಹೇಳುವುದಕ್ಕೇ ಮೀಸಲಿಟ್ಟರು. 2021ರಿಂದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ದಿನವೆಂದು ಆಚರಿಸುವಂತೆ ಮಾಡಿದರು. ನಿಮ್ಮ ಕಥೆಗೆ ನಿವೃತ್ತಿಯಿಲ್ಲ.

ಮೊಮ್ಮಗು ಅದೇ ಕಥೆಯನ್ನು ಹತ್ತನೆಯ ಸಲ ಕೇಳಿದರೆ ಬೇಸರಪಡಬೇಡಿ. ಮುಂದೇನಾಗುವುದೆಂದು ತಿಳಿದು ಕಾಯುವುದರಲ್ಲೇ ಅದರ ಮಿದುಳು ಕಲಿಯುತ್ತಿರುತ್ತದೆ. ನಡುನಡುವೆ ನಿಲ್ಲಿಸಿ ‘ಆಮೇಲೆ?’ ಎಂದು ಕೇಳಿ. ಮಗುವೇ ಮುಂದುವರಿಸಲಿ.

ಮಾತು ತಡವಾದರೆ

ಕೆಲವು ಮನೆಗಳಲ್ಲಿ ಎಷ್ಟು ಕಥೆ ಹೇಳಿದರೂ ಮಗು ತಿರುಗಿ ನೋಡುವುದಿಲ್ಲ, ಮಾತಾಡುವುದಿಲ್ಲ. ‘ಅವರಪ್ಪನಿಗೂ ಮಾತು ತಡವಾಗಿ ಬಂತು’ ಎಂದು ಕಾಯುತ್ತಾ ಕೂರಬೇಡಿ. ಆರು ತಿಂಗಳಾದರೂ ದನಿಯತ್ತ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಒಂದು ಪದ ಬರದಿದ್ದರೆ, ಎರಡು ವರ್ಷವಾದರೂ ಎರಡು ಪದ ಜೋಡಿಸದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆ ಮಾಡಿಸಿ. ಹುಟ್ಟಿದ ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ತಜ್ಞರ ನಿಯಮ. ಮೈಸೂರಿನಲ್ಲಿ 1965ರಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಸೇವೆಗೆಂದು ನಿಂತಿದೆ.

ಇದು ಯಾರ ಪಾಪದ ಫಲವೂ ಅಲ್ಲ. ತಾಯಿಯ ತಪ್ಪೂ ಅಲ್ಲ. ನೆರೆಹೊರೆಯವರು ಪಿಸುಗುಟ್ಟುವುದು ಬೇಡ. ಕಿವಿ ಕೇಳದ ಮಗುವಿಗೆ ಸನ್ನೆಭಾಷೆಯಲ್ಲೂ ಕಥೆ ಹೇಳಬಹುದು. ಆಗಲೂ ಮಿದುಳಿನ ಅದೇ ಭಾಷಾ ಕೇಂದ್ರಗಳು ಕೆಲಸ ಮಾಡುತ್ತವೆ. ಪ್ರಭು ಯೇಸು ಆ ಕಿವುಡನನ್ನು ಜನರ ಗುಂಪಿನಿಂದ ಪ್ರತ್ಯೇಕವಾಗಿ ಕರೆದುಕೊಂಡು ಹೋದರು. ಕೇಳಲಾರದವನಿಗೆ ಬೆರಳಿನಿಂದ ಮುಟ್ಟಿ ತಿಳಿಸಿದರು. ಎಂಥ ಮರ್ಯಾದೆ! ಎಂಥ ಮೃದುತ್ವ! ಅಂಥ ಮಗುವಿರುವ ಮನೆಗೆ ನಮ್ಮ ಧರ್ಮಕೇಂದ್ರವೂ ಅದೇ ಮರ್ಯಾದೆಯಿಂದ ನಡೆದುಕೊಳ್ಳಲಿ.

ಈ ವಾರದ ಸಂಕಲ್ಪ

ತಂದೆತಾಯಂದಿರೇ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು, ಕುಟುಂಬವೇ ಗೃಹ ಧರ್ಮಸಭೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಾರಿತು. ಆ ಪೀಠ ನಿಮ್ಮ ಮನೆಯ ಚಾಪೆಯೇ. ಈ ವಾರ ಮೂರು ಕೆಲಸ ಮಾಡೋಣ.

ಒಂದು, ಊಟದ ಹೊತ್ತಿನಲ್ಲಿ ಮೊಬೈಲನ್ನು ಕಪಾಟಿನಲ್ಲಿಡೋಣ.

ಎರಡು, ಮಲಗುವ ಮುನ್ನ ಒಂದು ಕಥೆ ಹೇಳೋಣ. ಎರಡು-ಮೂರು ವರ್ಷದವರಿಗೆ ನೋವನ ನಾವೆಯ ಪ್ರಾಣಿಗಳ ಕಥೆ, ಐದಾರು ವರ್ಷದವರಿಗೆ ಜೋಸೆಫನ ಕಥೆ, ಹತ್ತರ ಹರೆಯದವರಿಗೆ ಸಾಮತಿಗಳು. ಜೊತೆಗೆ ನಮ್ಮ ಕಾಗಕ್ಕ-ಗುಬ್ಬಕ್ಕನೂ ಇರಲಿ.

ಮೂರು, ಭಾನುವಾರ ಪೂಜೆಯಿಂದ ಬರುವಾಗ ಅಂದಿನ ಶುಭಸಂದೇಶದ ಕಥೆಯನ್ನು ಮಗುವಿನ ಬಾಯಿಂದಲೇ ಕೇಳೋಣ. ತಪ್ಪಿದರೆ ಗದರಬೇಡಿ, ಸೇರಿಸಿ ಹೇಳಿ.

ಪ್ರಾರ್ಥಿಸೋಣ: ಪ್ರಭುವೇ, ಮಾತೆಯ ಮಡಿಲಲ್ಲಿ ಮಾತು ಕಲಿತವರೇ, ನಮ್ಮ ಮಕ್ಕಳ ಕಿವಿಗಳನ್ನು ತೆರೆಯಿರಿ. ದಣಿದು ಬಂದ ನಮ್ಮ ನಾಲಗೆಗೆ ಒಂದು ಕಥೆಯಷ್ಟು ಶಕ್ತಿ ಕೊಡಿ. ಮಾತು ಬಾರದ ಮಕ್ಕಳ ಬಳಿ ನೀವೇ ಕುಳಿತುಕೊಳ್ಳಿ. ನಾವು ಬಿತ್ತಿದ್ದನ್ನು ನಿಮ್ಮ ಕಾಲದಲ್ಲಿ, ನಿಮ್ಮ ರೀತಿಯಲ್ಲಿ ಬೆಳೆಸಿರಿ. ಆಮೆನ್.